ಎದೆಗೆ ಹೊಕ್ಕ ಗಾಳಿ

ಪಂಚಭೂತಗಳಲ್ಲಿ ಬೈಸಿಕೊಳ್ಳುವುದಕ್ಕೆಂದೇ ಹುಟ್ಟಿದ್ದು ಯಾವುದೆಂದು ಯಾರಾದರೂ ಕೇಳಿದರೆ, ನಮ್ಮ ಕುಕನೂರಿನ ಸೀಮೆಯಲ್ಲಿ ಉತ್ತರಕ್ಕಾಗಿ ತಡಕಾಡಬೇಕಾಗಿಲ್ಲ. ಅದು ಗಾಳಿ. ಮಳೆ ಬಾರದಿದ್ದರೆ ಮೋಡವನ್ನು ಹೊತ್ತುಕೊಂಡು ಹೋದದ್ದು ಗಾಳಿ. ಮಗು ಚಂಡಿ ಹಿಡಿದು ಅತ್ತರೆ ಅದಕ್ಕೆ ಸೋಂಕಿದ್ದು ಗಾಳಿ. ಹೊಸ ಸೊಸೆ ಮಂಕಾಗಿ ಮೂಲೆಯಲ್ಲಿ ಕುಳಿತರೆ ಹುಣಸೆಯ ಮರದಿಂದ ಇಳಿದು ಅವಳ ಬೆನ್ನು ಹತ್ತಿದ್ದು ಗಾಳಿ. ಮುದುಕರ ಮೊಣಕಾಲು ಹಿಡಿದುಕೊಂಡರೆ ವಾಯು. ಉಂಡದ್ದು ಅರಗದಿದ್ದರೆ ಗ್ಯಾಸು. ಊರಿನಲ್ಲಿ ಇಲ್ಲದ್ದೊಂದು ಹಬ್ಬಿದರೆ ಗಾಳಿಸುದ್ದಿ. ಓದುವ ಹುಡುಗ ಓದು ಬಿಟ್ಟು ಕ್ರಾಪು ತೀಡುತ್ತ ತಿರುಗಿದರೆ ಅವನಿಗೆ ಪ್ಯಾಟಿಯ ಗಾಳಿ ಬಡಿದಿದೆ. ಈಚಿನ ವರ್ಷಗಳಲ್ಲಿ ಈ ಭಾಗದ ಎರೆಯ ಹೊಲಗಳಲ್ಲಿ ಗಾಳಿಯನ್ನು ಹಿಡಿದು ಕರೆಂಟು ಮಾಡುವ ಎತ್ತರದ ಕಂಬಗಳು ಎದ್ದು ನಿಂತು, ಆಷಾಢ ಶ್ರಾವಣಗಳಲ್ಲಿ ಮೂರು ರೆಕ್ಕೆಗಳನ್ನೂ ಬೀಸಿ ತಿರುಗುತ್ತವೆ. ಇಷ್ಟು ಉಪಕಾರ ಮಾಡಿದರೂ ಗಾಳಿಯ ಹೆಸರು ಮಾತ್ರ ಇನ್ನೂ ಸುಧಾರಿಸಿಲ್ಲ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇಂಥ ಮಾತುಗಳನ್ನು ಕಂಡರೆ ಸಂತೋಷವೇ. ಒಂದೇ ಶಬ್ದ ಹತ್ತು ಮನೆಯ ಕೆಲಸ ಮಾಡುವುದು ಭಾಷೆಯ ಬಡತನವಲ್ಲ. ಅದು ಜಾಣ ಗೃಹಿಣಿಯ ಒಕ್ಕಲುತನ. ಗ್ರೀಕರೂ ಹೀಗೆಯೇ ಸಂಸಾರ ತೂಗಿಸಿದವರು. ಅವರ ‘ನ್ಯೂಮ’ ಎಂಬ ಮಾತಿಗೆ ಉಸಿರು ಎಂದೂ ಅರ್ಥ, ಬೀಸುವ ಗಾಳಿ ಎಂದೂ ಅರ್ಥ, ಮೈಯಿಲ್ಲದ ಚೇತನ ಎಂದೂ ಅರ್ಥ. ಅಂದರೆ ನಮ್ಮ ಹುಣಸೆಮರದ ಗಾಳಿಗೆ ಅಲ್ಲಿಯೂ ನೆಂಟರಿದ್ದರು. ‘ಥೋರ್ಯಾಕ್ಸ್’ ಎಂದರೆ ಎದೆ. ಯೋಧ ಎದೆಗೆ ತೊಡುವ ಕವಚವೂ ಹೌದು. ಈ ಎರಡನ್ನೂ ಗಂಟುಹಾಕಿ 1803ರಲ್ಲಿ ಇಟಾರ್ ಎಂಬ ಫ್ರಾನ್ಸಿನ ವೈದ್ಯ ಒಂದು ರೋಗಕ್ಕೆ ‘ನ್ಯೂಮೋಥೋರ್ಯಾಕ್ಸ್’ ಎಂದು ಹೆಸರಿಟ್ಟ. ನಮ್ಮ ಮಾತಿನಲ್ಲಿ ‘ಎದೆಗೆ ಗಾಳಿ ಹೊಕ್ಕಿದೆ’ ಎಂದರೆ ಮುಗಿಯಿತು. ಎಲ್ಲಕ್ಕೂ ಗಾಳಿಯನ್ನೇ ದೂರುವ ನಮ್ಮ ಜನ, ಈ ಒಂದು ರೋಗಕ್ಕೆ ಸರಿಯಾದ ಹೆಸರನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಾರೆ. ತೊಡಕು ಇರುವುದೂ ಅಲ್ಲಿಯೇ. ‘ತೋಳ ಬಂತು ತೋಳ’ ಎಂದು ದಿನವೂ ಕೂಗಿದ ಹುಡುಗನ ಕಥೆಯ ಹಾಗೆ, ನಿಜವಾದ ಗಾಳಿ ಎದೆಗೆ ಹೊಕ್ಕ ದಿನ ಆ ಮಾತಿಗೆ ಬೆಲೆಯೇ ಉಳಿದಿರುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಓಣಿಯ ಹುಡುಗನೊಬ್ಬ ನನ್ನ ತರಗತಿಯಲ್ಲಿ ಕಡೆಯ ಬೆಂಚಿನ ಕಾಯಂ ಸದಸ್ಯ. ಇಪ್ಪತ್ತು ವರ್ಷ, ಹಿಂಗಾರಿ ಜೋಳದ ದಂಟಿನಂತೆ ಎತ್ತರ, ಅಷ್ಟೇ ಸಪೂರ. ಒಂದು ಮುಂಜಾನೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ಬಲಗಡೆಯ ಎದೆಯಲ್ಲಿ ಯಾರೋ ದಬ್ಬಣದಿಂದ ಚುಚ್ಚಿದಂತಾಯಿತಂತೆ. ಭಾರ ಎತ್ತಿದ್ದಿಲ್ಲ, ಓಡಿದ್ದಿಲ್ಲ, ಬಿದ್ದದ್ದಿಲ್ಲ. ಉಸಿರು ಪೂರ್ತಿಯಾಗಿ ಎಳೆಯಲು ಹೋದರೆ ಅರ್ಧಕ್ಕೇ ನೋವು ತಡೆಯುತ್ತಿತ್ತು. “ಎದಿಯಾಗ ಗಾಳಿ ಸಿಕ್ಕೊಂಡಂಗ ಆಗೈತಿ” ಎಂದ. ಮನೆಯವರಿಗೆ ಅಷ್ಟು ಸಾಕಾಯಿತು. ತಾಯಿ ಅಜವಾನ ಅರೆದು ಬಿಸಿನೀರಿನಲ್ಲಿ ಕುಡಿಸಿದಳು. ಕಾಕಾ ಸೋಡಾ ತಂದ. ಪಕ್ಕದ ಮನೆಯ ಹಿರಿಯರು “ನರ ಎಳದೈತಿ” ಎಂದು ಎಣ್ಣೆ ಹಚ್ಚಿ ತಿಕ್ಕಿದರು. ಸಂಜೆಗೆ ಒಂದು ದವಾಖಾನೆಯಲ್ಲಿ ಸೂಜಿಯೂ ಎರಡು ಬಗೆಯ ಗುಳಿಗೆಯೂ ಆದವು. ಅಲ್ಲಿ ಅಂಗಿ ಬಿಚ್ಚಿಸಿ ನೋಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಹೊರಗೆ ಪಾಳಿ ಉದ್ದವಾಗಿತ್ತು, ‘ಗ್ಯಾಸು’ ಎಂದು ಮನೆಯವರೇ ರೋಗದ ಹೆಸರನ್ನು ಬರೆದು ತಂದ ಹಾಗೆ ಹೇಳಿದ್ದರು.

ರಾತ್ರಿ ಹುಡುಗ ಮಲಗಲಾರದೆ ಗೋಡೆಗೆ ಒರಗಿ ಕುಳಿತೇ ಕಣ್ಣು ಮುಚ್ಚಿದ್ದ. ಅವನ ಅಜ್ಜಿಗೆ ನಿದ್ದೆ ಕಡಮೆ. ಸೆಕೆಯೆಂದು ಅಂಗಿ ತೆಗೆದಿದ್ದ ಮೊಮ್ಮಗನನ್ನು ನೋಡುತ್ತ ಕುಳಿತಿದ್ದವಳಿಗೆ ಏನೋ ಸರಿಯಿಲ್ಲ ಎನ್ನಿಸಿತಂತೆ. ಬೆಳಕು ಹರಿಯುವ ಮೊದಲೇ ನಮ್ಮ ಬಾಗಿಲಿಗೆ ಬಂದಳು.

“ಮಾಸ್ತರ, ನಮ್ಮ ಹುಡುಗನ ಎದಿ ಎಡಕ್ಕಷ್ಟ ಏಳಾಕತ್ತೈತ್ರೀ. ಬಲಗಡೆ ಮಗ್ಗಲು ಸುಮ್ನ ಐತಿ. ಗ್ಯಾಸ್ ಆದ್ರ ಹೊಟ್ಟಿ ಉಬ್ಬಬೇಕಲ್ರೀ?”

ಹೋಗಿ ನೋಡಿದೆ. ಅಜ್ಜಿಯ ಮಾತು ನಿಜವಾಗಿತ್ತು. ಎಡಗಡೆಯ ಪಕ್ಕೆಲುಬುಗಳು ತಿದಿಯಂತೆ ಏಳುತ್ತಿಳಿಯುತ್ತಿದ್ದವು. ಬಲಗಡೆಯವು ತಮಗೂ ಉಸಿರಿಗೂ ಸಂಬಂಧವಿಲ್ಲವೆನ್ನುವಂತೆ ಇದ್ದವು. ಸಿಕ್ಕ ಗಾಡಿಯಲ್ಲಿ ಕೊಪ್ಪಳದ ದಾರಿ ಹಿಡಿದೆವು.

ಅಲ್ಲಿ ನೋಡಿದವರು ಚಿಕ್ಕ ವಯಸ್ಸಿನ ವೈದ್ಯೆ. ಅವರು ಮೊದಲು ಕೇಳಿದ್ದು ರೋಗದ ಹೆಸರನ್ನಲ್ಲ. ನೋವು ಮೆಲ್ಲಗೆ ಬಂತೋ, ಒಮ್ಮಿಂದೊಮ್ಮೆ ಬಂತೋ? ಒಂದೇ ಕಡೆಯೋ, ನಡು ಎದೆಯೋ? ಉಸಿರು ಎಳೆದರೆ ಹೆಚ್ಚುತ್ತದೆಯೋ? ತೇಗು ಬಂದರೆ ಹಗುರಾಗುತ್ತದೆಯೋ? “ಬೀಡಿ ಸಿಗರೇಟು ಐತೇನು ತಮ್ಮಾ?” ಹುಡುಗ ನನ್ನ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ, ಕೊನೆಗೆ ನೆಲ ನೋಡಿ “ಒಮ್ಮೊಮ್ಮೆ ರೀ” ಎಂದ. ಆಮೇಲೆ ಅವರು ಎಡಗೈಯ ನಡುಬೆರಳನ್ನು ಅವನ ಎದೆಯ ಮೇಲೆ ಒತ್ತಿ ಇಟ್ಟು, ಬಲಗೈಯ ನಡುಬೆರಳ ತುದಿಯಿಂದ ಅದರ ಮೇಲೆ ಟಪ್ ಟಪ್ ಎಂದು ಬಡಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಎಡಗಡೆಯ ಸದ್ದು ಮಾಮೂಲಿನದು. ಬಲಗಡೆಯದು ಖಾಲಿ ಡಬ್ಬಿಯ ಹಾಗೆ ಬೋಳಾಗಿ ಮೊಳಗಿತು. ಕೊಳವೆಯನ್ನು ಇಟ್ಟು ಆಲಿಸಿದರು. ಬಲಗಡೆ ಉಸಿರಿನ ಸದ್ದೇ ಇಲ್ಲ. ಅಜ್ಜಿ ಇದನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. “ಗಡಿಗಿ ಬಡದು ನೋಡಿದಂಗ ನೋಡ್ತೀಯಲ್ಲವ್ವಾ!” ಎಂದಳು. ವೈದ್ಯೆ ನಕ್ಕು, “ಹೌದಮ್ಮಾ, ಅದಽ ವಿದ್ಯಾ ಇದು” ಎಂದರು.

ಅದು ಅಕ್ಷರಶಃ ನಿಜ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಅದರ ಹೊಟ್ಟೆಗೆ ಗೆಣ್ಣಿನಿಂದ ಬಡಿದು, ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಕಂಡುಕೊಳ್ಳುತ್ತಾಳೆ. ಆಸ್ಟ್ರಿಯದ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಎಂಬ ವೈದ್ಯನ ತಂದೆ ಗ್ರಾಟ್ಸ್ ಊರಿನಲ್ಲಿ ಛತ್ರ ನಡೆಸುತ್ತಿದ್ದ. ದ್ರಾಕ್ಷಾರಸದ ಪೀಪಾಯಿಯಲ್ಲಿ ಎಷ್ಟು ಉಳಿದಿದೆ ಎಂದು ಹೊರಗಿನಿಂದ ಬಡಿದೇ ತಿಳಿಯುವುದು ಅಂಥವರ ಮನೆಯ ವಿದ್ಯೆ. ಮಗ ಅದನ್ನು ರೋಗಿಗಳ ಎದೆಗೆ ತಂದ. 1761ರಲ್ಲಿ ಅವನು ಬರೆದ ಪುಟ್ಟ ಲ್ಯಾಟಿನ್ ಪುಸ್ತಕವನ್ನು ಆಗ ಹೆಚ್ಚಿನವರು ಕಣ್ಣೆತ್ತಿ ನೋಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೋರ್ವಿಸಾರ್ ಅದನ್ನು ಫ್ರೆಂಚಿಗೆ ತಂದ ಮೇಲೆಯೇ ಅದಕ್ಕೆ ಮರ್ಯಾದೆ ಬಂದದ್ದು. ಆ ಕೋರ್ವಿಸಾರನ ಶಿಷ್ಯನೇ ಲೆನೆಕ್. 1816ರಲ್ಲಿ ಹೆಂಗಸೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಆಲಿಸಿದವನು ಅವನು. ಇಂದು ವೈದ್ಯರ ಕೊರಳಲ್ಲಿ ಜೋಲುವ ಕೊಳವೆಯ ಮೂಲಪುರುಷ ಆ ಕಾಗದದ ಸುರುಳಿ. 1819ರ ತನ್ನ ಗ್ರಂಥದಲ್ಲಿ ಎದೆಗೆ ಗಾಳಿ ಹೊಕ್ಕ ರೋಗಿಯ ಚಿಹ್ನೆಗಳನ್ನು ಅವನು ವಿವರವಾಗಿ ಬರೆದಿಟ್ಟ: ಬಡಿದರೆ ಮೊಳಗುತ್ತದೆ, ಆಲಿಸಿದರೆ ಉಸಿರು ಕೇಳದು. ಎದೆಯಲ್ಲಿ ನೀರು ತುಂಬಿದ್ದರೂ ಉಸಿರು ಕೇಳದು. ಆದರೆ ಆಗ ಬಡಿದರೆ ತೊಡೆಗೆ ಬಡಿದಂತೆ ಮಂಕು ಸದ್ದು. ಈ ಎರಡರ ವ್ಯತ್ಯಾಸವನ್ನು ಹೇಳುವುದಕ್ಕೆ ಬೆರಳೆರಡು ಸಾಕು. ಹಿಂದಿನವರು ನಾಣ್ಯದ ಪರೀಕ್ಷೆಯನ್ನೂ ಮಾಡುತ್ತಿದ್ದರು. ಎದೆಯ ಮುಂದೆ ಒಂದು ನಾಣ್ಯವಿಟ್ಟು ಇನ್ನೊಂದರಿಂದ ಬಡಿದರೆ, ಗಾಳಿ ತುಂಬಿದ ಕಡೆ ಬೆನ್ನಿಗೆ ಕಿವಿಗೊಟ್ಟವನಿಗೆ ಗಂಟೆಯ ನಾದ ಕೇಳುತ್ತಿತ್ತು.

ಒಳಗೆ ನಡೆಯುವುದಾದರೂ ಏನು? ಎದೆಗೂಡಿನ ಒಳಗೋಡೆಗೂ ಶ್ವಾಸಕೋಶದ ಮೈಗೂ ಒಂದೊಂದು ತೆಳ್ಳನೆಯ ಪೊರೆ ಉಂಟು. ಎರಡರ ನಡುವೆ ಒಂದಿಷ್ಟು ತೇವ. ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಜಾರುತ್ತವೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ, ಇದೂ ಹಾಗೆಯೇ. ಶ್ವಾಸಕೋಶದ ಸ್ವಭಾವ ರಬ್ಬರಿನಂತೆ ಕುಗ್ಗುವುದು, ಪಕ್ಕೆಲುಬಿನ ಗೂಡಿನದು ಹೊರಕ್ಕೆ ಚಿಮ್ಮುವುದು. ಸ್ವಭಾವ ಬೇರೆಯಾದರೂ ಅಂಟಿಕೊಂಡು ಬಾಳುವ ಗಂಡಹೆಂಡಿರಂತೆ ಇವೆರಡೂ ಜೀವಮಾನವೆಲ್ಲ ಕೂಡಿ ನಡೆಯುತ್ತವೆ. ಶ್ವಾಸಕೋಶದ ಮೈಮೇಲಿನ ಗುಳ್ಳೆಯೊಂದು ಒಡೆದು, ಇಲ್ಲವೆ ಮುರಿದ ಪಕ್ಕೆಲುಬಿನ ಮೊನೆ ಚುಚ್ಚಿ, ನಡುವಿನ ಸಂದಿಗೆ ಗಾಳಿ ನುಸುಳಿತೆಂದರೆ ಆ ದಾಂಪತ್ಯ ಮುರಿಯಿತು. ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಯಾವ ಗಾಳಿಯಿಲ್ಲದೆ ಕೆಲವು ನಿಮಿಷ ಬದುಕಲಾರೆವೋ ಅದೇ ಗಾಳಿ, ತನ್ನ ಕೋಣೆ ಬಿಟ್ಟು ನಡುಮನೆಗೆ ಬಂದ ಮಾತ್ರಕ್ಕೆ ಪ್ರಾಣಕ್ಕೆ ಎರವಾಗುತ್ತದೆ.

ಹುಡುಗನನ್ನು ನಿಲ್ಲಿಸಿ ಕ್ಷಕಿರಣದ ಚಿತ್ರ ತೆಗೆದರು. ನಿಲ್ಲಿಸುವುದು ಮುಖ್ಯ. ಮಲಗಿದವನ ಎದೆಯಲ್ಲಿ ಗಾಳಿ ಮುಂಭಾಗಕ್ಕೆ ಹರಡಿಕೊಂಡು ಚಿತ್ರದಲ್ಲಿ ತಪ್ಪಿಸಿಕೊಳ್ಳಬಲ್ಲುದಂತೆ. ವೈದ್ಯೆ ಚಿತ್ರವನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಎಡಗಡೆ ಬೇರಿನಂತೆ ಕವಲೊಡೆದ ಗೆರೆಗಳು ಅಂಚಿನವರೆಗೂ ಹೋಗಿದ್ದವು. ಬಲಗಡೆ ಅರ್ಧದಲ್ಲಿಯೇ ಕೂದಲೆಳೆಯಂಥ ಒಂದು ಬಿಳಿಯ ಗೆರೆ. ಅದರಾಚೆ ಬೇರಿಲ್ಲ, ಕವಲಿಲ್ಲ, ಬರಿಯ ಕಪ್ಪು. “ಆ ಗೆರಿ ಶ್ವಾಸಕೋಶದ ಅಂಚು. ಅದರಾಚಿಗಿನ ಕಪ್ಪೆಲ್ಲ ಗಾಳಿ” ಎಂದರು. ಈಗ ಅನೇಕ ಕಡೆ ಹೊಟ್ಟೆಯ ಸ್ಕ್ಯಾನಿಂಗ್ ಯಂತ್ರವನ್ನೇ ಎದೆಗೆ ಹಿಡಿದು ಮಂಚದ ಬಳಿಯಲ್ಲೇ ಇದನ್ನು ಕಾಣುತ್ತಾರೆ. ಆರೋಗ್ಯವಂತನ ಎದೆಯಲ್ಲಿ ಆ ಎರಡು ಪೊರೆಗಳು ಒಂದರ ಮೇಲೊಂದು ಜಾರುವುದು ಇರುವೆಯ ಸಾಲು ಹರಿದಂತೆ ಕಾಣುತ್ತದೆ. ನಡುವೆ ಗಾಳಿ ಬಂದಲ್ಲಿ ಇರುವೆಗಳು ನಿಂತುಬಿಡುತ್ತವೆ. ನಮ್ಮ ಅಜ್ಜಿ ಬರಿಗಣ್ಣಿನಿಂದ ಕಂಡದ್ದೂ ಚಲನೆ ನಿಂತ ಆ ಒಂದು ಮಗ್ಗುಲನ್ನೇ.

ತಾಯಿಗೆ ಬೇರೆಯದೇ ಭಯವಿತ್ತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಕ್ಷಯ ಐತೇನ್ರೀ ಅವ್ವಾರ?” ಎಂದಳು. ಆ ಭಯ ಅವಳೊಬ್ಬಳದಲ್ಲ. ಬಹುಕಾಲ ವೈದ್ಯರೂ ಎದೆಗೆ ಗಾಳಿ ಹೊಕ್ಕರೆ ಅದು ಕ್ಷಯದ್ದೇ ಎಂದು ಭಾವಿಸಿದ್ದರು. 1932ರಲ್ಲಿ ಡೆನ್ಮಾರ್ಕಿನ ಕ್ಯಾರ್‌ಗಾರ್ ಎಂಬ ವೈದ್ಯ, ಬೇರಾವ ರೋಗವೂ ಇಲ್ಲದ ಎಳೆಯರಲ್ಲಿಯೂ ಶ್ವಾಸಕೋಶದ ಗುಳ್ಳೆ ಒಡೆದು ಹೀಗಾಗುವುದುಂಟು ಎಂದು ವಿವರವಾಗಿ ತೋರಿಸಿದ. ಎತ್ತರವಾಗಿ ಸಪೂರವಾಗಿ ಬೆಳೆದ ಹುಡುಗರಲ್ಲಿ ಇದು ಹೆಚ್ಚು. ಹೊಗೆ ಸೇದುವವರಲ್ಲಿ ಇನ್ನೂ ಹೆಚ್ಚು. ಆದರೂ ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯುವಂತಿಲ್ಲವೆಂದು ವೈದ್ಯೆ ಕಫದ ಪರೀಕ್ಷೆಗೂ ಬರೆದರು. ಅದರಲ್ಲಿ ಏನೂ ಕಾಣಲಿಲ್ಲ. ತಾಯಿ ಅಂದು ಮೊದಲ ಬಾರಿಗೆ ಕುಳಿತು ಊಟ ಮಾಡಿದಳು.

ಕ್ಷಯಕ್ಕೂ ಈ ಗಾಳಿಗೂ ಇನ್ನೊಂದು ವಿಚಿತ್ರವಾದ ಸಂಬಂಧ ಇತ್ತು. ಇಟಲಿಯ ಫೋರ್ಲಾನಿನಿ 1882ರಲ್ಲಿ, ಹುಣ್ಣಾದ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲು ಎದೆಗೆ ಬೇಕೆಂದೇ ಗಾಳಿ ಹೊಗಿಸಿ ಅದನ್ನು ಮುದುಡಿಸಬಹುದು ಎಂಬ ವಿಚಾರವನ್ನು ಮುಂದಿಟ್ಟ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಷಯದ ಸ್ಯಾನಟೋರಿಯಮ್ಮುಗಳಲ್ಲಿ ಇದು ದೊಡ್ಡ ಚಿಕಿತ್ಸೆಯಾಯಿತು. ಕನ್ನಡನಾಡಿನ ರೋಗಿಗಳು ಮೈಸೂರಿಗೆ, ಮದನಪಲ್ಲಿಗೆ, ಮೀರಜಿಗೆ ಹಾಸಿಗೆ ಕಟ್ಟಿಕೊಂಡು ಹೋಗುತ್ತಿದ್ದ ಕಾಲ ಅದು. ಒಳಗೆ ಹಾಕಿದ ಗಾಳಿಯನ್ನು ಮೈ ದಿನದಿನವೂ ಹೀರಿಕೊಳ್ಳುತ್ತದೆ. ಆದ್ದರಿಂದ ಈ ಚಿಕಿತ್ಸೆಯವರು ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಸಿದಂತೆ ಮತ್ತೆ ಮತ್ತೆ ಎದೆಗೆ ಗಾಳಿ ತುಂಬಿಸಿಕೊಳ್ಳಬೇಕಾಗುತ್ತಿತ್ತು. ಔಷಧಗಳು ಬಂದವು. ಮದರಾಸಿನಲ್ಲಿ 1956ರಲ್ಲಿ ಶುರುವಾದ ಪ್ರಯೋಗ, ಮನೆಯಲ್ಲಿದ್ದು ಗುಳಿಗೆ ನುಂಗಿದವರೂ ಸ್ಯಾನಟೋರಿಯಮ್ಮಿನಲ್ಲಿ ಇದ್ದವರಷ್ಟೇ ಗುಣವಾಗುತ್ತಾರೆ ಎಂದು 1959ರಲ್ಲಿ ತೋರಿಸಿಕೊಟ್ಟಿತು. ಗಾಳಿ ಹಾಕುವ ಚಿಕಿತ್ಸೆ ಚರಿತ್ರೆಗೆ ಸೇರಿತು. ಆದರೆ ಅದರಿಂದ ಒಂದು ಪಾಠ ಉಳಿಯಿತು: ಗಾಳಿ ಸ್ವಲ್ಪವೇ ಇದ್ದು, ತೂತು ಮುಚ್ಚಿದ್ದರೆ, ಮೈ ತಾನೇ ಅದನ್ನು ಹೀರಿ ಮುಗಿಸುತ್ತದೆ. ಎದೆಗೆ ಗಾಳಿ ಹೊಕ್ಕವರೆಲ್ಲರಿಗೂ ಕೊಳವೆ ಹಾಕಬೇಕಾಗಿಲ್ಲ. ಎಷ್ಟು ಗಾಳಿ, ರೋಗಿ ಹೇಗಿದ್ದಾನೆ ಎಂದು ನೋಡಿ ನಿರ್ಧರಿಸುವುದು ವೈದ್ಯರ ಕೆಲಸ.

ನಮ್ಮ ಹುಡುಗನಿಗೆ ಹಾಕಬೇಕಾಯಿತು. ಪಕ್ಕೆಲುಬಿನ ಸಂದಿನಿಂದ ಕೊಳವೆ. ಅದರ ಇನ್ನೊಂದು ತುದಿ ನೀರಿನ ಸೀಸೆಯಲ್ಲಿ ಮುಳುಗಿತ್ತು. ಕೆಮ್ಮಿದಾಗಲೆಲ್ಲ ಸೀಸೆಯಲ್ಲಿ ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಹೊರಗೆ ಬಂದ ಗಾಳಿ ನೀರಿನ ಬಾಗಿಲನ್ನು ದಾಟಿ ಹಿಂದಕ್ಕೆ ಹೋಗಲಾರದು. ಉಪಾಯ ಅಷ್ಟು ಸರಳ. ಅಜ್ಜಿ ಆ ಸೀಸೆಯ ಪಕ್ಕದಲ್ಲಿ ಕುಳಿತು, ಹಾಲು ಉಕ್ಕುವುದನ್ನು ಕಾಯುವವಳಂತೆ, ಗುಳ್ಳೆ ನಿಲ್ಲುವುದನ್ನು ಕಾದಳು.

ಈ ಹುಡುಗನಿಗೆ ಒಂದು ರಾತ್ರಿ ಕಾಯುವಷ್ಟು ಆಯುಷ್ಯವಿತ್ತು. ಎಲ್ಲರಿಗೂ ಇರುವುದಿಲ್ಲ. ಕೆಲವು ಸಲ ಒಡೆದ ಜಾಗ ಸೈಕಲ್ ಟ್ಯೂಬಿನ ವಾಲ್ವಿನಂತೆ ಆಗಿಬಿಡುತ್ತದೆ: ಪ್ರತಿ ಉಸಿರಿಗೂ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಒತ್ತಡ ಏರಿ ಏರಿ ಹೃದಯವನ್ನೂ ದೊಡ್ಡ ರಕ್ತನಾಳಗಳನ್ನೂ ಆಚೆಯ ಮಗ್ಗುಲಿಗೆ ತಳ್ಳುತ್ತದೆ. ಕೊರಳ ನರಗಳು ಉಬ್ಬಬಹುದು, ಗಂಟಲ ಕೊಳವೆ ಒಂದು ಕಡೆಗೆ ಸರಿಯಬಹುದು. ನಾಡಿ ಓಡುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ, ಮೈ ಬೆವರಿ ತುಟಿ ನೀಲಿಗಟ್ಟುತ್ತದೆ. ಇಂಥವನನ್ನು ಚಿತ್ರ ತೆಗೆಯಲು ಕಳಿಸಿ ಕಾಯಬಾರದೆಂಬುದು ವೈದ್ಯಶಾಸ್ತ್ರದ ಕಟ್ಟಪ್ಪಣೆ. ಕಣ್ಣು, ಕಿವಿ, ಬೆರಳು ಹೇಳಿದ್ದನ್ನು ನಂಬಿ ವೈದ್ಯರು ಆ ಕ್ಷಣವೇ ಎದೆಗೆ ಸೂಜಿ ಹಾಕಿ ಗಾಳಿ ಬಿಡಬೇಕು. ಆ ಸೂಜಿಗೆ ಬಹುಕಾಲ ಕೊರಳೆಲುಬಿನ ಕೆಳಗಿನ ಎರಡನೆಯ ಸಂದಿಯನ್ನು ಹೇಳಿಕೊಡುತ್ತಿದ್ದರು. ದೊಡ್ಡವರಿಗೆ ಅಲ್ಲಿ ಮಾಂಸ ದಪ್ಪವೆಂದು, 2018ರಲ್ಲಿ ಅಪಘಾತ ಚಿಕಿತ್ಸೆಯ ಪಾಠ ಬದಲಾಗಿ ಕಂಕುಳ ಕೆಳಗಿನ ನಾಲ್ಕನೆಯ ಅಥವಾ ಐದನೆಯ ಸಂದಿ ಬಂತು. ಇದು ಕಲಿತ ಕೈಯ ಕೆಲಸ; ನಮ್ಮಂಥವರ ಪಾಲಿಗೆ ಬರುವುದು ಬೇಗ ಗುರುತಿಸುವುದು, ಬೇಗ ಕರೆದೊಯ್ಯುವುದು.

ಗುರುತಿಸಲು ಬೇಕಾದದ್ದು ಬಹಳವೇನೂ ಇಲ್ಲ. ಒಮ್ಮಿಂದೊಮ್ಮೆ ಬಂದ ನೋವು, ಎದೆಯ ಒಂದೇ ಮಗ್ಗುಲು, ಉಸಿರೆಳೆದರೆ ಹೆಚ್ಚುವುದು, ಜೊತೆಗೆ ಏದುಸಿರು: ಇವು ಕೂಡಿದರೆ ಅಜವಾನಕ್ಕೆ ಕೈ ಹಾಕಬಾರದು, ತಿಕ್ಕಲೂ ಬಾರದು, 108ಕ್ಕೆ ಫೋನು ಮಾಡಬೇಕು. ಅದು ಹೃದಯದ್ದೋ ಶ್ವಾಸಕೋಶದ್ದೋ ಎಂದು ಮನೆಯಲ್ಲಿ ಪಂಚಾಯಿತಿ ಮಾಡುವುದೂ ಬೇಡ. ಎರಡಾದರೂ ದಾರಿ ಆಸ್ಪತ್ರೆಗೇ. ಹಿಂದೆ ಕ್ಷಯವಾಗಿದ್ದವರು, ಉಬ್ಬಸದವರು, ಬಹುಕಾಲ ಬೀಡಿ ಸೇದಿದವರು, ಬೈಕಿನಿಂದ ಬಿದ್ದು ಎದೆಗೆ ಪೆಟ್ಟು ಮಾಡಿಕೊಂಡವರು, ಇವರ ವಿಷಯದಲ್ಲಿ ಎಚ್ಚರ ಇಮ್ಮಡಿ ಇರಬೇಕು. ನಮ್ಮ ಪಕ್ಕದ ಕುಷ್ಟಗಿ, ಇಳಕಲ್ಲಿನ ಕಡೆ ಕಲ್ಲಿನ ಗಣಿಗಳಿವೆ. ಕೆಂಪು ಕಲ್ಲನ್ನು ಕೊರೆಯುವಾಗ ಏಳುವ ಸಣ್ಣ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಶ್ವಾಸಕೋಶ ಗಟ್ಟಿಯಾಗಿ, ಗುಳ್ಳೆಯೆದ್ದು, ಒಂದು ದಿನ ಒಡೆಯಬಹುದು. ಅಂಥ ಕೂಲಿಯವನೊಬ್ಬ ‘ಗಾಳಿ ಹಿಡಿದಿದೆ’ ಎಂದು ಬಾಗಿಲಲ್ಲಿ ನಿಂತರೆ ಅವನಿಗೆ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸುವುದು ಸುಲಭ. ಅವನ ಅಂಗಿ ಬಿಚ್ಚಿಸುವುದಕ್ಕೆ ಎರಡು ನಿಮಿಷ ಹೆಚ್ಚು ಬೇಕು. ಅವನ ಜೀವವಿರುವುದು ಆ ಎರಡು ನಿಮಿಷಗಳಲ್ಲಿ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವವೂ ಕಡಮೆಯಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ ಎನ್ನುತ್ತಾರೆ. ಬೀಡಿ ಬಿಡುವುದಕ್ಕೆ ಇದಕ್ಕಿಂತ ದೊಡ್ಡ ಉಪದೇಶ ಬೇಕಾಗಿಲ್ಲ.

ನಮ್ಮ ಜನ ಗಾಳಿ ಎನ್ನುವುದನ್ನು ಬಿಡಬೇಕೆಂದು ನಾನು ಹೇಳಲಾರೆ. ಹೇಳಿದರೂ ಯಾರೂ ಬಿಡುವುದಿಲ್ಲ. ನೋವಿನಲ್ಲಿರುವವನ ಬಾಯಿಗೆ ನಿಘಂಟು ಬರುವುದಿಲ್ಲ. ಅವನು ತನ್ನ ತಾಯಿಯಿಂದ ಕಲಿತ ಮಾತನ್ನೇ ಆಡುತ್ತಾನೆ. ಆದರೆ ಕೇಳುವವರು ಆ ಮಾತಿನ ಮುಂದೆ ನಿಂತುಬಿಡಬಾರದು. ಯಾವ ಕಡೆ, ಯಾವಾಗಿನಿಂದ, ಹೇಗೆ ಬಂತು ಎಂದು ಇನ್ನೆರಡು ಪ್ರಶ್ನೆ ಕೇಳಬೇಕು. ಹುಡುಗ ಮೊದಲ ದಿನವೇ ತನ್ನ ರೋಗವನ್ನು ಶುದ್ಧ ಕನ್ನಡದಲ್ಲಿ ಸರಿಯಾಗಿ ಹೇಳಿದ್ದ. ಅವನು ಹೇಳಿದ್ದು ಎದೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು. ಕೇಳಿದವರು ಅದನ್ನು ಹೊಟ್ಟೆಗೆ ಇಳಿಸಿಕೊಂಡರು.

ಐದನೆಯ ದಿನಕ್ಕೆ ಗುಳ್ಳೆ ನಿಂತಿತು. ಚಿತ್ರದಲ್ಲಿ ಬೇರುಗಳು ಮತ್ತೆ ಅಂಚಿನವರೆಗೂ ಚಾಚಿದವು. ಊರಿಗೆ ಬಂದ ಮೇಲೆ ಅಜ್ಜಿ ಮಹಾಮಾಯಿಗೆ ಉಡಿ ತುಂಬಿದಳು. ಹುಡುಗ ಬೀಡಿ ಬಿಟ್ಟಿದ್ದಾನೆ. ಅಜ್ಜಿಯ ಮುಂದಂತೂ ಬಿಟ್ಟಿದ್ದಾನೆ. ಓಣಿಯಲ್ಲಿ ಅವಳಿಗೆ ಈಗ ಒಂದು ಸಣ್ಣ ಪ್ರಾಕ್ಟೀಸು ಬೆಳೆದಿದೆ. ಯಾರಾದರೂ ಎದೆ ಹಿಡಿದುಕೊಂಡು ಗಾಳಿ ಎಂದರೆ, “ಮೊದ್ಲ ಅಂಗಿ ತಗೀ, ಎರಡೂ ಮಗ್ಗಲ ಏಳತೈತೇನು ನೋಡ್ತೀನಿ” ಎನ್ನುತ್ತಾಳೆ. ಆ ಮಾತು ಕೇಳಿಯೇ ಎಷ್ಟೋ ಗಂಡಸರ ಎದೆನೋವು ವಾಸಿಯಾಗಿದೆ. ವಾಸಿಯಾಗದವರನ್ನು ಅವಳು ಕೊಪ್ಪಳಕ್ಕೆ ಕಳಿಸುತ್ತಾಳೆ.